ದ್ರಾಕ್ಷಿ ಉದುರಿಸಿದ ಡ್ರಮ್ಮರ್

"ಸದ್ಯಕ್ಕ ಈಕಿ ಬಾರ್ಸಾಕತ್ತಾಳ್ರಿ." ಈ ಮಾತು ಕೇಳಿ ಕೇಳಿ ನೀಲಾಳ ಕಿವಿ ತೂತಾಗಿದ್ದವು. ಸುಡುಗಾಳಿ ಎಂಬ ಹೆವಿ ಮೆಟಲ್ ಬ್ಯಾಂಡಿಗೆ ಆಕೆ ಡ್ರಮ್ಸ್ ಬಾರಿಸಲು ಬಂದು ವರ್ಷವಾಗುತ್ತ ಬಂದಿತ್ತು. ಆದರೂ ಗಿಟಾರಿನ ಸಂಗು ಯಾರಿಗೇ ಪರಿಚಯ ಮಾಡಿಸಲಿ, ಆ "ಸದ್ಯಕ್ಕ" ಬಿಡುತ್ತಿರಲಿಲ್ಲ. ಹಗಲೆಲ್ಲ ವಿಜಯಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸಿ, ಸಂಜೆ ತಿಕೋಟಾ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬೆವರು ಸುರಿಸಿ ಬಾರಿಸುವವಳಿಗೆ ಇದು ಮರ್ಯಾದೆಯೇ? ಎಷ್ಟೋ ಸಲ ಕೈಯಲ್ಲಿನ ಕೋಲನ್ನು ಅವನ ತಲೆಗೇ ಎಸೆಯಬೇಕು ಅನಿಸುತ್ತಿತ್ತು.

ಆಕೆಗಿಂತ ಮುಂಚೆ ಇಬ್ಬರು ಬಾರಿಸಿ ಹೋಗಿದ್ದರಲ್ಲ, ತೊಂದರೆಯೆಲ್ಲ ಅದೇ. ಮೊದಲಿನವನು ಅಶ್ಫಾಕ. ಅವನ ಕಾಲೆಂದರೆ ಕಾಲು! ಎರಡು ಪೆಡಲುಗಳ ಮೇಲೆ ಎರಡೂ ಪಾದ ಗಿರಣಿಯ ಬೆಲ್ಟಿನ ಹಾಗೆ ಓಡುತ್ತಿದ್ದವು, ಉಳಿದವರು ಏದುಸಿರು ಬಿಡುತ್ತ ಹಿಂದೆ ಓಡಬೇಕು. ಆಮೇಲೆ ಬಂದವನು ಯುನುಸ. ಅವನದು ವೇಗವಲ್ಲ, ಏಟು. ಕೋಲು ಮುರಿಯದಿದ್ದರೆ ಅವನಿಗೆ ಬಾರಿಸಿದ ಸಮಾಧಾನವೇ ಇಲ್ಲ. ಹೊಟ್ಟೆಪಾಡಿಗೆ ಇಬ್ಬರೂ ಸೊಲ್ಲಾಪುರ ಸೇರಿದ್ದರು. ಭಾನುವಾರ ವಿಜಯಪುರದಲ್ಲಿ ಬ್ಯಾಂಡಿನ ದೊಡ್ಡ ಕಾರ್ಯಕ್ರಮ ನಿಗದಿಯಾಗಿದೆ ಎಂದು ಕೇಳಿದ್ದೇ ತಡ, ತಾನೇ ಬಾರಿಸುತ್ತೇನೆಂದು ಇಬ್ಬರೂ ಬಂದಿಳಿದರು.

ಸಂಗು ತಲೆ ಕೆರೆದುಕೊಂಡ. "ಮೂರೂ ಮಂದಿ ಒಂದ ಹಾಡು ಬಾರ್ಸ್ರಿ. ಯಾರ್ದು ಚಲೋ ಆಗತೈತಿ, ಭಾನುವಾರ ಡ್ರಮ್ಸಿಗೆ ಅವರೇ ಕೂಡ್ರಲಿ."

"ಇಷ್ಟು ದಿನಾ ನಾ ಬಾರ್ಸಿದ್ದು ನಿನಗ ಕೇಳಿಸೇ ಇಲ್ಲೇನು?" ಎಂದಳು ನೀಲಾ. "ಆಗ್ಲಿ ತಗೋ. ನಾ ಕಡೀಕ ಬಾರಸ್ತೀನಿ." ಸೋತರೆ ಆ "ಸದ್ಯಕ್ಕ" ಕೂಡ ತನಗೆ ಉಳಿಯುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ಬಾಡಿಗೆ ಕೋಣೆಯಿಂದ ನೆರೆಯವರು ಓಡಿಸಿದ ಮೇಲೆ ಇವರ ತಾಲೀಮು ತಿಕೋಟಾದಲ್ಲಿ, ಸಂಗುವಿನ ಅಜ್ಜ ಶಿವಯೋಗೆಪ್ಪನ ಒಣದ್ರಾಕ್ಷಿ ಶೆಡ್ಡಿನಲ್ಲಿ ನಡೆಯುತ್ತಿತ್ತು. ಉಳಿದ ಕಾಲದಲ್ಲಿ ಶೆಡ್ ಖಾಲಿ. ಈಗ ಸುಗ್ಗಿ. ಕಂಬದಿಂದ ಕಂಬಕ್ಕೆ ಬಿಗಿದ ಬಲೆಯಂಥ ಜಾಳಿಗಳ ಮೇಲೆ ಸಾಲುಸಾಲಾಗಿ ದ್ರಾಕ್ಷಿ ಒಣಗಿ ನಿಂತಿತ್ತು. ಮರುದಿನ ಆಳುಗಳು ಬಂದು ಜಾಳಿ ಅಲುಗಾಡಿಸಿ ಉದುರಿಸುವವರಿದ್ದರು. ನಮ್ಮ ಶಾಣ್ಯಾ ಸಂಗು, ಜಾಗ ಸಾಲದೆಂದು ಡ್ರಮ್ ಸೆಟ್ಟನ್ನು ಜಾಳಿ ಕಟ್ಟಿದ ಕಬ್ಬಿಣದ ಕಂಬಕ್ಕೇ ಒತ್ತಿ ಇಟ್ಟುಬಿಟ್ಟ.

ಅಶ್ಫಾಕ ಕೂತ. ಅಬ್ಬಾ, ಆ ಕಾಲುಗಳು! ಜಾಳಿಯೆಲ್ಲ ಸಣ್ಣಗೆ ಗುಂಯ್ ಎಂದಿತು. ಸಂಗು ಅವನ ವೇಗ ಹಿಡಿಯಲಾರದೆ ಎರಡು ಕಡೆ ತಪ್ಪಿದ. ಯುನುಸ ಕೂತ. ಕಂಬ ಅದುರಿತು, ತಗಡಿನ ಧೂಳು ಕೆಳಗಿಳಿಯಿತು, ಮುರಿದ ಕೋಲು ಹಾರಿ, ಮೂಲೆಯಲ್ಲಿ ಕೂತು ಕೇಳುತ್ತಿದ್ದ ಅಜ್ಜನ ಕಾಲ ಬಳಿ ಬಿತ್ತು.

"ಲೇ, ಶೆಡ್ ಕೆಡವಾಕ ಬಂದಿಯೇನ್ಲೇ!" ಅಜ್ಜ ಕುರ್ಚಿಯಿಂದ ಅರ್ಧ ಎದ್ದ.

ಕಡೆಗೆ ನೀಲಾ. ಹುಡುಗಿ ಮಾಡಿದ ಮೊದಲ ತಪ್ಪೆಂದರೆ ಅಶ್ಫಾಕನ ಹಾಗೆ ಓಡಲು ಹೋದದ್ದು. ಕಾಲು ತೊಡರಿದವು. ಸಂಗು ಮೆಲ್ಲಗೆ ಅಶ್ಫಾಕನ ಕಡೆ ನೋಡಿದ್ದು ಆಕೆಗೆ ಕಂಡಿತು. ಆ ನೋಟ ತಪ್ಪಿಸಲು ತಲೆ ಎತ್ತಿದಳು. ಕಂಬದ ಅದುರಿಗೆ ಮೇಲೆ ಜಾಳಿ ತೂಗುತ್ತಿತ್ತು.

ಚಿಕ್ಕಂದಿನಲ್ಲಿ ರಜೆ ಬಂದರೆ ನೀಲಾ ತನ್ನ ಅವ್ವ ಪರಸವ್ವನ ಜೊತೆ ಇಂಥ ಶೆಡ್ಡುಗಳಿಗೇ ಕೂಲಿಗೆ ಬರುತ್ತಿದ್ದಳು. ಜಾಳಿ ಅಲುಗಾಡಿಸುವಾಗ ಅವ್ವ ಬೈಯುತ್ತಿದ್ದದ್ದು ಒಂದೇ: "ಜಗ್ಗಾಡಬ್ಯಾಡ ಬೇ! ಅದು ಎತ್ತಾಗ ತೂಗತೈತಿ ನೋಡಿ, ಆಗ ಕೈ ಕೊಡು."

ನೀಲಾ ವೇಗ ಬಿಟ್ಟಳು. ಜಾಳಿ ಈ ಕಡೆ ಬಂದಾಗೊಂದು ಏಟು, ಆ ಕಡೆ ಹೋದಾಗೊಂದು. ಭಾರವಾಗಿ, ನಿಧಾನವಾಗಿ, ಒಂದಿಷ್ಟೂ ಆತುರವಿಲ್ಲದೆ. ಸಂಗುವಿನ ಗಿಟಾರು ತಾನಾಗಿಯೇ ಅದರೊಳಗೆ ಬಂದು ಕೂತಿತು. ಆ ಹಾಡು ಅಷ್ಟು ಘನವಾಗಿ ಅವನ ಕೈಯಲ್ಲಿ ಎಂದೂ ಬಂದಿರಲಿಲ್ಲ. ತೂಗಾಟ ದೊಡ್ಡದಾಯಿತು. ಮೊದಲು ಒಂದು ದ್ರಾಕ್ಷಿ ತಾಳದ ತಟ್ಟೆಯ ಮೇಲೆ ಟಣ್ ಎಂದಿತು. ಆಮೇಲೆ ನಾಲ್ಕು. ಆಮೇಲೆ ನೋಡಬೇಕಿತ್ತು, ಸಾಲಿಗೆ ಸಾಲೇ ಧೋ ಎಂದು ಸುರಿಯಿತು! ತಲೆಯ ಮೇಲೆ, ಗಿಟಾರಿನ ಮೇಲೆ, ಬಾಯಿ ತೆರೆದು ನಿಂತ ಯುನುಸನ ಮೈಮೇಲೆ.

ಸತ್ತೆ ಎಂದುಕೊಂಡು ನೀಲಾ ಕೈ ಎತ್ತಿದಳು.

"ನಿಂದ್ರಸಬ್ಯಾಡವಾ!" ಅಜ್ಜ ಕೂಗಿದ. "ಲೇ ಸಂಗ್ಯಾ, ಗಿಟಾರ್ ಒಗದು ತಾಡಪತ್ರಿ ಹಾಸಲೇ! ಬಾರ್ಸವಾ ನೀ, ಬಾರ್ಸು!"

ಮೂವರು ಗಂಡಸರೂ ತಾಡಪತ್ರಿ ಎಳೆದಾಡುತ್ತಿದ್ದರೆ ನೀಲಾ ನಗುತ್ತ, ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿಲ್ಲದೆ, ಹಾಡು ಮುಗಿಸಿದಳು.

ತೀರ್ಪು ಕೊಡಲು ಸಂಗುವಿಗೆ ಅವಕಾಶವೇ ಸಿಗಲಿಲ್ಲ. "ಆಂವ ಬಾರ್ಸಿದ್ರ ಜಾಳಿ ನಡಗಿತು. ಈಂವ ಬಾರ್ಸಿದ್ರ ನನ್ನ ಎದಿ ನಡಗಿತು," ಎಂದ ಅಜ್ಜ, ಗಡ್ಡದಿಂದ ದ್ರಾಕ್ಷಿ ಆರಿಸುತ್ತ. "ಕೆಲಸ ಆಗಿದ್ದು ಈ ನಮ್ಮವ್ವನ ಕೈಯಾಗ."

"ಖರೇ ಐತ್ರಿ ಅಜ್ಜಾ," ಎಂದು ಅಶ್ಫಾಕ ತನ್ನ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡ. ಯುನುಸ ಬಾಯಿ ತುಂಬ ದ್ರಾಕ್ಷಿ ತುಂಬಿಕೊಂಡು ತಲೆಯಾಡಿಸಿದ.

ಭಾನುವಾರ ವಿಜಯಪುರದ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಗು ಮೈಕು ಹಿಡಿದ. "ಡ್ರಮ್ಸ್ ಮ್ಯಾಲೆ, ನಮ್ಮ ನೀಲಾ!" ಎಂದ. ಅಷ್ಟೇ. ನೀಲಾ ಒಂದು ಗಳಿಗೆ ಕಾದಳು. ಆ "ಸದ್ಯಕ್ಕ" ಬರಲೇ ಇಲ್ಲ. ಮೊದಲ ಏಟು ಹಾಕಿದಳು, ಮೈದಾನಕ್ಕೆ ಮೈದಾನವೇ ತಲೆ ತೂಗಿತು.

ಮುಂದಿನ ಸಾಲಿನಲ್ಲಿ ಶಿವಯೋಗೆಪ್ಪಜ್ಜ ಮಾತ್ರ ಆಕಾಶ ನೋಡುತ್ತ, ತೊಡೆಯ ಮೇಲೆ ಟವೆಲು ಹಾಸಿಕೊಂಡು ಕೂತಿದ್ದ.