ಲೋರ್ನಾಳ ಬದಲಿಗೆ ನೆವಿಲ್

ಲೋರ್ನಾ ಟನಿಕ್ಲಿಫ್ ಬಗ್ಗೆ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು, ಅವಳ ಗ್ರೇವಿಯಲ್ಲಿ ಗಂಟಿರುವುದಿಲ್ಲ ಎಂದು. ಎರಡನೆಯ ಮಾತು ಯಾರೂ ಹೇಳುವುದಿಲ್ಲ. ಅವಳ ಬಗ್ಗೆ ಅಷ್ಟು ದೂರ ಯಾರೂ ಯೋಚಿಸಿರಲಿಲ್ಲ.

ನಮ್ಮೂರು ಬರ್ಸ್ಲೆಮ್‌ನ ಪಿಂಗಾಣಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವಳು ಇಪ್ಪತ್ತಾರು ವರ್ಷ ಅಡುಗೆ ಮಾಡಿದಳು. ಕಾರ್ಖಾನೆ ಮುಚ್ಚಿದ ಮೇಲೆ ಒಂದು ಏಜೆನ್ಸಿ ಅವಳನ್ನು ಊರಿನ ಸುತ್ತಲಿನ ವೃದ್ಧಾಶ್ರಮಗಳಿಗೆ ಕಳಿಸತೊಡಗಿತು. ಕಾಯಂ ಅಡುಗೆಯವರಿಗೆ ಜ್ವರ ಬಂದರೆ ಎರಡು ದಿನ, ಹೆರಿಗೆಯಾದರೆ ಎರಡು ತಿಂಗಳು. ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಳಗಿನ ಮೊದಲ ಬಸ್ಸು ಹತ್ತುತ್ತಿದ್ದಳು. ಹೊರಡುವ ಮೊದಲು ಗಂಡ ನೆವಿಲ್‌ನ ತಿಂಡಿ ಮುಚ್ಚಿಟ್ಟು, ಬಂದ ಮೇಲೆ ಅದೇ ತಟ್ಟೆ ತೊಳೆಯುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಏಜೆನ್ಸಿಯಿಂದ ಒಂದು ಫಾರಂ ಬಂತು. ಸಂಬಳ ಹೇಗೆ ಬೇಕು, ಮೂರು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿ, ಶುಕ್ರವಾರದೊಳಗೆ ಕೊಡಿ. ಮೊದಲನೆಯದು, ಏಜೆನ್ಸಿಯ ನೌಕರಳಾಗುವುದು: ತೆರಿಗೆ ಅವರೇ ಹಿಡಿಯುತ್ತಾರೆ, ರಜೆಯ ಸಂಬಳವಿದೆ, ಕಾಯಿಲೆ ಬಿದ್ದರೆ ವಾರಕ್ಕಿಷ್ಟು ಬರುತ್ತದೆ. ಎರಡನೆಯದು, ಅಂಬ್ರೆಲಾ ಕಂಪನಿ: ಅದೇ ತೆರಿಗೆ, ಅದೇ ರಜೆ, ಆದರೆ ನಡುವೆ ಇನ್ನೊಬ್ಬರು ಕೊಡೆ ಹಿಡಿದು ನಿಂತು ಹಿಡಿದದ್ದಕ್ಕೆ ಕೂಲಿ ಮುರಿದುಕೊಳ್ಳುತ್ತಾರೆ. ಮೂರನೆಯದು, ಸ್ವಂತ ಕಂಪನಿ. ಆಗ ರಜೆ, ಕಾಯಿಲೆಯ ಹಣ ಎರಡನ್ನೂ ಕಂಪನಿಯೇ ದುಡಿದು ಕೊಡಬೇಕು. ಕಂಪನಿ ಎಂದರೆ ಲೋರ್ನಾಳ ಎಡಗೈ ಮತ್ತು ಬಲಗೈ.

ಬಲಗೈ ಆಗಲೇ ಮುಷ್ಕರ ಹೂಡಿತ್ತು. ಮಣಿಕಟ್ಟಿನ ನರ ಒತ್ತಿಕೊಂಡು ಮೂರು ಬೆರಳುಗಳಲ್ಲಿ ಸ್ಪರ್ಶವಿರಲಿಲ್ಲ. ಒಮ್ಮೆ ಕ್ಯಾರೆಟ್ಟಿನ ಜೊತೆ ಬೆರಳನ್ನೂ ಹೆಚ್ಚಿಕೊಂಡು, ಕ್ಯಾರೆಟ್ ಕೆಂಪಾದ ಮೇಲೆ ಅವಳಿಗೆ ತಿಳಿಯಿತು. ಹನ್ನೊಂದು ತಿಂಗಳು ಕಾದ ಮೇಲೆ ಆಸ್ಪತ್ರೆಯವರು ನವೆಂಬರ್ ಹದಿನಾಲ್ಕಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಆಮೇಲೆ ಆರು ವಾರ ಆ ಕೈಯಲ್ಲಿ ಏನೂ ಎತ್ತಬಾರದು. ಆರು ವಾರ ಹಣ ಬರದಿದ್ದರೆ ಆಪರೇಷನ್ ಮುಂದೂಡಬೇಕು, ಮುಂದೂಡಿದರೆ ಮತ್ತೆ ಸಾಲಿನ ಕೊನೆಗೆ. ಕಾಯಿಲೆಯ ಹಣ ಕೊಡಲು ಹಿಂದಿನ ಎಂಟು ವಾರದ ಸಂಬಳ ನೋಡುತ್ತಾರೆ. ಈ ಶುಕ್ರವಾರ ಮೊದಲ ಚೌಕಕ್ಕೆ ಗುರುತು ಹಾಕಿದರೆ ಎಂಟು ವಾರ ಸರಿಯಾಗಿ ತುಂಬುತ್ತಿತ್ತು. ಲೋರ್ನಾ ಲೆಕ್ಕ ಹಾಕಿ, ಫಾರಮನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಅಲ್ಲಿ ಅದನ್ನು ನೆವಿಲ್ ಓದಿದ. ಹಾಲು ತೆಗೆಯಲು ಫ್ರಿಜ್ಜಿನ ಹತ್ತಿರ ಹೋದದ್ದೇ ಆಶ್ಚರ್ಯ.

"ಮೂರನೇದು ಹಾಕು ಕಣೇ. ಕ್ಲಬ್ಬಲ್ಲಿ ಟೈಲ್ಸ್ ಹಾಕೋನು ಒಬ್ಬ ಇದಾನೆ, ಸ್ವಂತ ಕಂಪನಿ ಮಾಡ್ಕೊಂಡು ತೆರಿಗೇನೇ ಕಟ್ಟಲ್ವಂತೆ."

"ಅವನಿಗೆ ಆಪರೇಷನ್ ಇದ್ಯಾ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಆ ಭಾನುವಾರ, ಮಾಂಸ ಓವನ್ನಿನಲ್ಲಿ ಬೇಯುವಷ್ಟರೊಳಗೆ ಕಂಪನಿ ಹುಟ್ಟಿತು. ನಿರ್ದೇಶಕ ನೆವಿಲ್. ಕಾರ್ಯದರ್ಶಿ ನೆವಿಲ್. ಕೆಲಸ ಮಾಡುವವಳು ಲೋರ್ನಾ. ಮನೆಯ ಪದ್ಧತಿಯನ್ನೇ ಸರ್ಕಾರದ ಪುಸ್ತಕದಲ್ಲಿ ದಾಖಲಿಸಿದಂತಾಯಿತು.

ಇನ್ನು ಉಳಿದದ್ದು ತೆರಿಗೆ ಇಲಾಖೆಯ ಪರೀಕ್ಷೆ. ಸ್ವಂತ ಕಂಪನಿ ನಿಜವೋ, ನೌಕರಿಗೇ ಹಾಕಿದ ವೇಷವೋ ಎಂದು ಪ್ರಶ್ನೆ ಕೇಳಿ ಕಂಪ್ಯೂಟರ್ ಹೇಳುತ್ತದೆ. ನೆವಿಲ್ ಅಡುಗೆಮನೆಯ ಮೇಜಿಗೆ ಕೂತು ಓದಿದ. ಲೋರ್ನಾ ಎಡಗೈಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು.

"ಯಾವಾಗ ಬರ್ಬೇಕು ಅಂತ ಅವರು ಹೇಳ್ತಾರಾ?"

"ಆರೂವರೆಗೆ ಅಂತಾರೆ."

"'ಪರಸ್ಪರ ಒಪ್ಪಂದ' ಅಂತ ಒತ್ತೋಣ. ಏನು ಅಡುಗೆ ಅನ್ನೋದು ಯಾರ ತೀರ್ಮಾನ?"

"ಗೋಡೆ ಮೇಲೆ ಬರೆದಿರುತ್ತೆ. ಗುರುವಾರ ಲಿವರ್."

"'ವೃತ್ತಿಪರ ವಿವೇಚನೆ.' ಚಾಕು ಯಾರದ್ದು?"

"ನಂದು."

"ಭೇಷ್! ನಿನಗೆ ಹೋಗಕ್ಕಾಗದಿದ್ರೆ ಬದಲಿಗೆ ಬೇರೆಯವರನ್ನ ಕಳಿಸಬಹುದಾ?"

ಲೋರ್ನಾ ಸುಲಿಯುವುದನ್ನು ನಿಲ್ಲಿಸಿದಳು. "ಯಾರನ್ನ?"

"ಯಾರನ್ನಾದ್ರೂ. ಬದಲಿ ಇದ್ರೆ ನೀನು ನೌಕರಳಲ್ಲ, ವ್ಯಾಪಾರಸ್ಥೆ. ಈ ಪ್ರಶ್ನೇಲೇ ಎಲ್ಲಾ ಇರೋದು." ಅವನು 'ಹೌದು' ಎಂದು ಒತ್ತಿದ. ಏಜೆನ್ಸಿ ಬದಲಿಯ ಹೆಸರು ಕೇಳಿತ್ತು. ಬೇರೆಯವರ ಹೆಸರು ಹಾಕಿದರೆ ಅವರಿಗೆ ಹಣ ಕೊಡಬೇಕಾದೀತೆಂದು ತನ್ನ ಹೆಸರನ್ನೇ ಬರೆದ. ಪೊಲೀಸ್ ತಪಾಸಣೆಯ ಪತ್ರ ಅವನ ಹತ್ತಿರ ಇತ್ತು, ಕ್ಲಬ್ಬಿನ ಮುದುಕರನ್ನು ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದನಲ್ಲ. ಅಡುಗೆ ಶುಚಿತ್ವದ ಸರ್ಟಿಫಿಕೇಟನ್ನು ಆನ್‌ಲೈನಿನಲ್ಲಿ ಎರಡನೇ ಸಲಕ್ಕೆ ಪಾಸಾದ. ಕೋಳಿಯ ಪ್ರಶ್ನೆಗೆ ಉತ್ತರ ಲೋರ್ನಾ ಹೇಳಿಕೊಟ್ಟಳು. ಎಲ್ಲವನ್ನೂ ಏಜೆನ್ಸಿಗೆ ಕಳಿಸಿ, "ಇನ್ನು ನಿನ್ನದೊಂದು ಸಹಿ" ಎಂದ.

ಬುಧವಾರ ಮಧ್ಯಾಹ್ನ ಲೋರ್ನಾ ಏಜೆನ್ಸಿಯ ರುಖ್ಸಾನಾಗೆ ಫೋನ್ ಮಾಡಿದಳು.

"ಬಂದಿದೆ ಲೋರ್ನಾ ಅವರೇ, ಎಲ್ಲಾ ಬಂದಿದೆ. ಬದಲಿ ಹೆಸರನ್ನ ಆಗ್ಲೇ ಪಟ್ಟಿಗೆ ಹಾಕಿದೀನಿ. ನೀವು ಸಹಿ ಹಾಕಿದ್ರೆ ಆಯ್ತು."

"ಆ ಬದಲಿ ಅಂತ ಇದೆಯಲ್ಲ ತಾಯಿ, ಅದು ಹೆಸರಿಗೆ ಮಾತ್ರನಾ, ನಿಜವಾಗ್ಲೂ ಕರೀಬಹುದಾ?"

"ಕರೆದ್ರೆ ಬರ್ಬೇಕು. ಇಲ್ಲಾಂದ್ರೆ ಇಲಾಖೆಗೆ ಸುಳ್ಳು ಹೇಳಿದ ಹಾಗೆ. ಅವರಿಗೆ ಅಡುಗೆ ಬರುತ್ತಾ?"

"ಬ್ರೆಡ್ ಸುಡ್ತಾನೆ."

ಆ ಕಡೆ ರುಖ್ಸಾನಾ ಪುಟ ತಿರುವಿದ ಸದ್ದು ಬಂತು.

"ನಾಳೆ ನನ್ನ ಕೈ ಆಗಲ್ಲ ಅನ್ನುತ್ತೆ," ಎಂದಳು ಲೋರ್ನಾ. "ಬದಲಿಯನ್ನ ಕರಿ."

ಗುರುವಾರ ಬೆಳಿಗ್ಗೆ ಐದೂವರೆಗೆ ನೆವಿಲ್‌ನ ಫೋನ್ ಹೊಡೆದುಕೊಂಡಿತು: ಏಜೆನ್ಸಿ ಬದಲಿಯನ್ನು ಕರೆಯುತ್ತಿತ್ತು. ನೆವಿಲ್‌ಗೆ ದೇವರ ಹೆದರಿಕೆ ಇರಲಿಲ್ಲ, ತೆರಿಗೆ ಇಲಾಖೆಯ ಹೆದರಿಕೆ ಇತ್ತು. "ಲೋರ್ನಾ, ಲಿವರನ್ನ ತೊಳೀಬೇಕಾ?" ಎಂದು ಮೆಟ್ಟಿಲಿನಿಂದ ಕೂಗಿದ. "ವೃತ್ತಿಪರ ವಿವೇಚನೆ," ಎಂದು ಅವಳು ಹಾಸಿಗೆಯಿಂದ ಉತ್ತರಿಸಿ, ಸ್ವಲ್ಪ ಹೊತ್ತಾದ ಮೇಲೆ, ಮುದುಕರು ಉಣ್ಣುವುದಲ್ಲವೇ ಎಂದು ಹಾಳೆಯ ಮೇಲೆ ಎಡಗೈಯಲ್ಲಿ ಎಲ್ಲ ಬರೆದುಕೊಟ್ಟಳು. ಆಶ್ರಮದ ಸಹಾಯಕಿಗೂ ಫೋನ್ ಮಾಡಿ ಹೇಳಿದಳು.

ಆ ದಿನ ಅವಳು ಮೂಲೆ ಅಂಗಡಿಯಿಂದ ಚೀಸ್ ಸುತ್ತಿದ ಎರಡು ಓಟ್ಸ್ ದೋಸೆ ತಂದು ಹಿತ್ತಲ ಮೆಟ್ಟಿಲ ಮೇಲೆ ಕೂತು ತಿಂದಳು. ಪಕ್ಕದ ಮನೆಯ ನಾನು ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದೆ. "ಹುಷಾರಿಲ್ವಾ?" ಎಂದೆ. "ಹುಷಾರಾಗಿದೀನಿ, ಬೇರೆಯವರು ಮಾಡಿದ್ದನ್ನ ತಿಂತಿದೀನಿ," ಎಂದಳು. ಎರಡೂ ಒಂದೇ ಎನ್ನುವ ಧಾಟಿಯಲ್ಲಿ.

ನೆವಿಲ್ ಮೂರೂವರೆಗೆ ಬಂದ. ಶೂ ಬಿಚ್ಚಲು ಬಗ್ಗಿದವನು ಹಾಗೆಯೇ ಕುಳಿತ.

"ಮೂವತ್ತೊಂದು ಜನ ಕಣೇ. ಅದ್ರಲ್ಲಿ ನಾಲ್ಕು ಜನಕ್ಕೆ ಎಲ್ಲಾ ಅರೆದು ಕೊಡ್ಬೇಕು, ಇಬ್ಬರಿಗೆ ಉಪ್ಪು ಬೇಡ. ಆ ಮ್ಯಾನೇಜರು ಕೂತ್ಕೊ ಅಂದಾಗ ಕೂರ್ಬೇಕು, ಏಳು ಅಂದಾಗ ಏಳ್ಬೇಕು. ಒಬ್ಬ ಅಜ್ಜಿ ತಟ್ಟೆ ವಾಪಸ್ ಕಳಿಸಿದ್ಳು."

"ಗ್ರೇವೀಲಿ ಗಂಟಾ?"

"ಗಂಟಲ್ಲೇ ಗ್ರೇವಿ." ಅವನು ಕಣ್ಣು ಮುಚ್ಚಿಕೊಂಡ. "ಅಲ್ಲಿ ನನ್ನ ಕೈಲಿ ಏನೂ ಇರ್ಲಿಲ್ಲ. ಪರೀಕ್ಷೇಲಿ ನಾನು ಬರೆದದ್ದೆಲ್ಲಾ ಸುಳ್ಳು." ಆಮೇಲೆ ಅಭ್ಯಾಸದಿಂದ ಕೇಳಿದ: "ಸಂಜೆ ಊಟಕ್ಕೇನು?"

ಲೋರ್ನಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಅದೇ ಪರೀಕ್ಷೆ ಮತ್ತೆ ತೆರೆದಳು. "ನಿನ್ನದಾಯ್ತು, ಈಗ ಈ ಮನೆದು ಕೇಳು. ಊಟ ಎಷ್ಟು ಹೊತ್ತಿಗೆ ಅಂತ ಯಾರು ಹೇಳ್ತಾರೆ?"

"ಲೋರ್ನಾ..."

"ಮೂವತ್ತೆಂಟು ವರ್ಷದಲ್ಲಿ ಬದಲಿ ಯಾರಾದ್ರೂ ಬಂದಿದಾರಾ?"

"ಇಲ್ಲ," ಎಂದ ನೆವಿಲ್.

ಅವಳು 'ಇಲ್ಲ' ಎಂದು ಒತ್ತಿದಳು. ಉತ್ತರ ಏನು ಬಂತೆಂದು ನೋಡದೆ ಮುಚ್ಚಿದಳು. ಫ್ರಿಜ್ಜಿನಿಂದ ಫಾರಂ ತೆಗೆದು, ಮೊದಲ ಚೌಕಕ್ಕೆ ಗುರುತು ಹಾಕಿ, ಬಲಗೈಯಲ್ಲೇ ಸಹಿ ಮಾಡಿದಳು. ಸಹಿ ಸೊಟ್ಟಗೆ ಬಂತು. ಶುಕ್ರವಾರ ಅದನ್ನು ರುಖ್ಸಾನಾಳ ಮೇಜಿನವರೆಗೆ ಒಯ್ದು ಕೊಟ್ಟವನು ನೆವಿಲ್. ಕಂಪನಿ ಮುಚ್ಚುವುದಕ್ಕೂ ಒಂದು ಫಾರಂ ಇತ್ತು. ಅದು ನಿರ್ದೇಶಕರ ಕೆಲಸ ಎಂದು ಲೋರ್ನಾ ಮುಟ್ಟಲಿಲ್ಲ.

ನವೆಂಬರ್ ಹದಿನಾಲ್ಕಕ್ಕೆ ಆಪರೇಷನ್ ಆಯಿತು. ಕಾಯಿಲೆಯ ಹಣ ವಾರವಾರ ಬಂತು, ಕಡಿಮೆಯೇ, ಆದರೆ ಬಂತು. ನೆವಿಲ್ ತನ್ನ ಸರ್ಟಿಫಿಕೇಟನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿ, ಸೋಸುವ ಜಾಲರಿ ಎಲ್ಲಿದೆ ಎಂದು ಆರು ವಾರದಲ್ಲಿ ಒಂಬತ್ತು ಸಲ ಕೇಳಿದ. ಪ್ರತಿ ಸಲವೂ ಅದು ಇದ್ದಲ್ಲೇ ಇತ್ತು.

ನಾಲ್ಕನೇ ವಾರ ಅವನು ಕೊಟ್ಟ ಚಹಾದ ಲೋಟವನ್ನು ಬಲಗೈಯಿಂದ ಮುಟ್ಟಿ ಅವಳು ಬೆಚ್ಚಿದಳು. "ಬಿಸಿ!" ಎಂದಳು.

"ತಣ್ಣೀರು ಬೆರೆಸ್ಲಾ?"

"ಮುಟ್ಟಬೇಡ. ಹಾಗೇ ಇರ್ಲಿ."

ಹೊಸ ವರ್ಷದಲ್ಲಿ ಅವಳು ಕೆಲಸಕ್ಕೆ ಮರಳಿದಳು. ನೆವಿಲ್ ಏಪ್ರನ್ ಮಡಿಸಿ ಅವಳ ಕೈಗೆ ಕೊಡಲು ಬಂದ.

"ಈ ಮನೆ ಬದಲಿ ಪಟ್ಟಿಯಿಂದ ನಿನ್ನ ಹೆಸರು ನಾನು ತೆಗೆದಿಲ್ಲ," ಎಂದು ಲೋರ್ನಾ ಚಾಕುಗಳನ್ನು ಸುತ್ತಿಕೊಂಡು ಬಸ್ಸಿಗೆ ಹೊರಟಳು. ಅಂದು ಗುರುವಾರ, ಲಿವರಿನ ದಿನ.