ನೀರು ನೋಡುವವರು

ಪಂಚರ್ ಅಂಗಡಿ ಕಾಕಾರ ಎರಡೂ ಅಂಗೈ ಟೈರಿನಷ್ಟೇ ಕಪ್ಪು. ಫೋನು ಒತ್ತುವ ಹೆಬ್ಬೆರಳಿನ ತುದಿಯನ್ನು ಮಾತ್ರ ಲುಂಗಿಗೆ ಒರೆಸಿ ಒರೆಸಿ ಬೆಳ್ಳಗೆ ಇಟ್ಟುಕೊಂಡಿದ್ದರು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಲ್ಲಿ, ನಮ್ಮ ಮನೆಯ ಪಕ್ಕವೇ ಅವರ ಅಂಗಡಿ. ಕರೆಂಟಿನ ತಂತಿ ಜೋತುಬಿದ್ದರೂ, ಲಾರಿಯಿಂದ ಗ್ರಾನೈಟ್ ಕಲ್ಲು ಉರುಳಿದರೂ ಯಾವುದಾದರೊಂದು ಕಚೇರಿಗೆ ಅವರ ಫೋನು ಹೋಗುತ್ತಿತ್ತು.

"ಕಾಕಾ, ಡಿಸಿ ಸಾಹೇಬ್ರು ನಿಮಗ ಪಗಾರ ಕೊಡ್ತಾರೇನ್ರಿ?" ಎಂದು ಹುಡುಗರು ಕೆಣಕುತ್ತಿದ್ದರು.

"ಹೇಳೂದು ನಮ್ಮ ಕೆಲಸ ಲೇ. ಬರೂದು ಅವರ ಕೆಲಸ."

ದಸರೆಗೆ ಮುಂಚೆ ನಮ್ಮ ಕಡೆ ಮನೆಯ ಕೌದಿಗಳನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತಾರೆ. ಅವ್ವ ಓಣಿಯ ಹೆಂಗಸರ ಜೊತೆ ಹಾಗೆ ಹೋಗಿದ್ದ ಬೆಳಿಗ್ಗೆ, ಮೇಲಿನ ಸೇತುವೆಯ ಬಳಿ ಟ್ಯಾಂಕರೊಂದು ಉರುಳಿತು. ಡೀಸೆಲ್ ಎಂದುಕೊಂಡು ಮಂದಿ ಕೊಡ ಹಿಡಿದು ಓಡಿಬಂದರು. ಅದು ಡೀಸೆಲ್ ಆಗಿರಲಿಲ್ಲ. ಗಂಟಲು ಸುಡುವ ಹೊಗೆ ಎದ್ದಿತ್ತು. ಹಳದಿ ದ್ರವ ಹಳ್ಳಕ್ಕೆ ಇಳಿಯುತ್ತಿತ್ತು.

ನನ್ನ ಜೊತೆ ಸೇತುವೆಗೆ ಓಡಿಬಂದಿದ್ದ ಕಾಕಾ ಫೋನು ಹಚ್ಚಿದರು. "ಸ್ಥಳ ಯಾವ ತಾಲ್ಲೂಕಿನ ವ್ಯಾಪ್ತಿಗೆ ಬರುತ್ತದೆ?" ಎಂದಿತು ಆ ಕಡೆಯ ದನಿ.

"ಹಳ್ಳದ ಈ ದಂಡಿ ಹುನಗುಂದ, ಆ ದಂಡಿ ಇಳಕಲ್ ರಿ. ನೀರು ನಡುವ ಹೊಂಟೈತಿ."

ಬೇರೆ ನಂಬರು ಕೊಟ್ಟರು. ಆ ನಂಬರಿನವರು ನೀರು ಪರೀಕ್ಷೆ ಮಾಡುವವರಿಗೆ ತಿಳಿಸುತ್ತೇವೆ, ಲೈನಿನಲ್ಲೇ ಕಾಯಿರಿ ಎಂದರು. ಕಾಕಾ ಫೋನನ್ನು ನನ್ನ ಕೈಗಿಟ್ಟರು. "ನೀ ಇದನ್ನ ಬಿಡಬ್ಯಾಡ. ಅವರ ಕನ್ನಡ ನಿನಗ ತಿಳಿತೈತಿ. ನಾ ಕೆಳಗ ಹೋಗ್ತೇನಿ, ನಿಮ್ಮವ್ವ ಅಲ್ಲೇ ಅದಾಳ."

ಹೊಗೆ ಬಂದರೆ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಕಾಕಾ ಹೆಗಲ ಮೇಲಿನ ಟವೆಲನ್ನು ಅದೇ ಹಳ್ಳದಲ್ಲಿ ಅದ್ದಿ, ಮೂಗು ಬಾಯಿಗೆ ಸುತ್ತಿಕೊಂಡು ಓಡಿದರು. ಟ್ಯಾಂಕರಿನ ದ್ರವ ಕೂಡಿದ ನೀರು ಅದು ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಹೆಂಗಸರು ಕೌದಿಗಳನ್ನು ನೀರಿನಲ್ಲೇ ಬಿಟ್ಟು ದಡ ಹತ್ತಿದರು. ಕೊನೆಗೆ ಅವ್ವನನ್ನು ಮೇಲಕ್ಕೆ ದೂಡಿ ಕಾಕಾ ಅಲ್ಲೇ ಕುಸಿದು ಕೂತರಂತೆ.

ಅವತ್ತೇ ಪೊಲೀಸರು ಬಂದರು. ಕ್ರೇನ್ ಬಂದು ಟ್ಯಾಂಕರನ್ನು ಎಳೆದೊಯ್ದಿತು. ಎರಡು ದಿನದ ಮೇಲೆ ಬಾಗಲಕೋಟೆಯ ದವಾಖಾನೆಯಲ್ಲಿ ಕಾಕಾ ಆಕ್ಸಿಜನ್ ಮಾಸ್ಕ್ ಸರಿಸಿದರು. ತುಟಿಯ ಸುತ್ತ ಚರ್ಮ ಸುಲಿದಿತ್ತು.

"ನೀರು ನೋಡೋರು ಬಂದಿದ್ರೇನು?"

"ಬಂದಿದ್ರು ಕಾಕಾ."

"ಹಾಂಗಾರ ಛಲೋ ಆತು ಬಿಡು."

ಬಂದಿರಲಿಲ್ಲ. ನೀರಿನ ಸ್ಯಾಂಪಲ್ ತುಂಬಲು ಬಾಟಲಿ ಹಿಡಿದುಕೊಂಡು ಇಬ್ಬರು ಬಂದದ್ದು ಕಾಕಾರನ್ನು ಮಣ್ಣು ಮಾಡಿದ ಮರುದಿನ. ಹೆಂಗಸರು ಒಗೆಯುತ್ತಿದ್ದ ಜಾಗ ಯಾವುದೆಂದು ಅವರು ಕೇಳಿದರು. ಮುಂದೆ ನಡೆದು ತೋರಿಸಿದವಳು ನಮ್ಮವ್ವ.