ಮಟಮಟ ಮಧ್ಯಾಹ್ನದ ಹೆಪ್ಪು

ಮಟಮಟ ಮಧ್ಯಾಹ್ನ ಯಾರಾದರೂ ನಿಮ್ಮ ಮನೆಗೆ ಹೆಪ್ಪು ಕೇಳಿಕೊಂಡು ಬಂದಿದ್ದಾರೆಯೇ? ಹಾಲಿಗೆ ಹೆಪ್ಪು ಹಾಕುವುದು ಸಂಜೆ ಮೇಲೆ ತಾನೇ? ಅಷ್ಟೂ ತಿಳಿಯದ ಪೆದ್ದಿ ನಾನಲ್ಲ. ಆದರೂ ಕಳೆದ ವಾರ ಬನಹಟ್ಟಿಯಲ್ಲಿ ಪೆದ್ದಿಯಾದೆ.

ಮನೆಯೊಳಗಿನ ಹೊಡೆತ ಬಡಿತ ಮಕ್ಕಳನ್ನು ಏನು ಮಾಡುತ್ತದೆ ಎಂದು ಗೆಳತಿಯೊಬ್ಬಳು ರಿಸರ್ಚ್ ಮಾಡುತ್ತಿದ್ದಾಳೆ. ಅವಳ ಫಾರ್ಮ್ ಹಿಡಿದು ನೇಕಾರರ ಓಣಿಗೆ ಹೋಗಿದ್ದೆ. (ರಿಟೈರ್ ಆದ ಟೀಚರಿಗೆ ಬೇರೇನು ಕೆಲಸ?) ಹೋದಲ್ಲೆಲ್ಲ ಒಂದೇ ಉತ್ತರ: ‘ನಮ್ಮನ್ಯಾಗ ಅಂಥಾದ್ದೇನಿಲ್ರಿ.’ ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆ ಇನ್ನೇನು ಹೇಳಿಯಾಳು? ನಾನೂ ಖುಷಿಯಿಂದ ‘ಇಲ್ಲ’ಕ್ಕೆ ಟಿಕ್ ಹಾಕುತ್ತ ಬಂದೆ.

ಊಟದ ಹೊತ್ತು. ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಆಗ ಒಂದು ಮನೆಯಲ್ಲಿ ಮಾತ್ರ ಪವರ್‌ಲೂಮ್ ಖಟಖಟ ಶುರುವಾಯಿತು. ಎದುರು ಮನೆಯ ಶಾಂತವ್ವ ಉಣ್ಣುವುದನ್ನು ಬಿಟ್ಟು, ಕೈ ತೊಳೆದು, ಬಟ್ಟಲು ಹಿಡಿದು ಹೊರಬಿದ್ದಳು. ನಾನು ಅಡ್ಡ ನಿಂತೆ.

‘ಹತ್ತೇ ಪ್ರಶ್ನೆ ಶಾಂತವ್ವಾ, ಎರಡ ನಿಮಿಷ.’

‘ಆಚಿ ಸರೀರಿ ಅಕ್ಕಾರ! ಹೆಪ್ಪ ಕೇಳಾಕ ಹೊಂಟೇನಿ.’

‘ಈಗ?’

‘ಉಣ್ಣೂ ಹೊತ್ತಿನ್ಯಾಗ ಮಗ್ಗ ಯಾರ್ ಹಚ್ಚತಾರ್ರಿ? ಹೆಂಡ್ತಿ ಅಳೂದು ಹೊರಗ ಕೇಳಬಾರದಂತ ಹಚ್ಯಾನ ಆ ಈರಪ್ಪ!’

ಅವಳ ಹಿಂದೆಯೇ ಓಡಿದೆ. ಅಷ್ಟರಲ್ಲಿ ಇನ್ನೂ ನಾಲ್ವರು ಬಟ್ಟಲು ಹಿಡಿದು ಬಂದರು. ಈರಪ್ಪನ ಹೆಂಡತಿ ಕಸ್ತೂರಿ ಮಗಳನ್ನು ಬಾಚಿ ತಬ್ಬಿಕೊಂಡು ಮೂಲೆಯಲ್ಲಿ ಕೂತಿದ್ದಳು. ಯಾರೂ ಅವನನ್ನು ಬೈಯಲಿಲ್ಲ. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರು, ಅಷ್ಟೇ.

‘ಮಗ್ಗ ಬಂದ್ ಮಾಡೋ ಈರಪ್ಪ. ಹೆಪ್ಪ ಸಿಗೂತನಕಾ ನಾವೇನ್ ಏಳೂದಿಲ್ಲ’ ಎಂದಳು ಶಾಂತವ್ವ.

ಈರಪ್ಪ ತಲೆ ಕೆರೆದುಕೊಂಡ. ಮಗ್ಗ ನಿಲ್ಲಿಸಿ ಹೊರಗೆ ಜಾರಿಕೊಂಡ. ಇನ್ನು ಮುಂದೆ ಅವನು ಸಂತನಾಗುತ್ತಾನೆಯೇ? ಎಲ್ಲಿಯ ಮಾತು! ‘ಮೊದ್ಲ ದಿನಾ ಇದ ಹಾಡಿತ್ರಿ. ಈಗ ಅಮಾಸಿಗೊಮ್ಮಿ ಹುಣ್ಣಿವಿಗೊಮ್ಮಿ’ ಎಂದಳು ಶಾಂತವ್ವ. ‘ಅದೂ ಬಂದ್ ಆಗೂತನಕಾ ನಮ್ಮ ಬಟ್ಟಲಾ ಅದಾವಲ್ಲ!’ ಕಸ್ತೂರಿಯೂ ಕಣ್ಣೊರೆಸಿಕೊಂಡು ನಕ್ಕಳು. ರೊಟ್ಟಿ ಬುಟ್ಟಿ ನಡುವೆ ಬಂತು. ಎಲ್ಲರೂ ಅಲ್ಲೇ ಉಂಡೆವು. ಖರೇ ಹೇಳುತ್ತೇನೆ, ಅಷ್ಟು ನೆಮ್ಮದಿಯ ಊಟ ಮಾಡಿ ಬಹಳ ದಿನವಾಗಿತ್ತು.

ನನ್ನ ಫಾರ್ಮಿನಲ್ಲಿ ‘ನೆರೆಹೊರೆಯವರು ಏನು ಮಾಡುತ್ತಾರೆ?’ ಎಂಬ ಪ್ರಶ್ನೆ ಇತ್ತು. ಹೆಪ್ಪು ಕೇಳುತ್ತಾರೆ ಎಂದು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಹೊರಡುವಾಗ ಕಸ್ತೂರಿಯ ಎಂಟು ವರ್ಷದ ಮಗಳನ್ನು ಕೇಳಿದೆ, ‘ಅಂಜಿಕಿ ಬಂದಿತ್ತೇನವಾ?’

‘ಮಗ್ಗ ಚಾಲೂ ಆತಂದ್ರ ಎಣಸಾಕ ಹತ್ತತೀನ್ರಿ. ನೂರ ಆಗೂದ್ರಾಗ ಶಾಂತವ್ವಾಯಿ ಬರ್ತಾಳ. ಇವತ್ತ ಯಾಕೋ ನೂರಾ ನಲವತ್ತಾತು.’

ಆ ಹೆಚ್ಚಿನ ನಲವತ್ತು ಎಣಿಸಿದಷ್ಟು ಹೊತ್ತು ಶಾಂತವ್ವನಿಗೆ ಅಡ್ಡ ನಿಂತವಳು ನಾನು.